ಸಿಂಗಲ್ ಕಾಲಂನಲ್ಲಿ ಒಂದು ಯುದ್ಧ

2012ರ ನವೆಂಬರ್ 20, ಮಂಗಳವಾರ ರಾತ್ರಿ. ಪತ್ರಿಕೆಯೊಂದರ ಡೆಸ್ಕಿನಲ್ಲಿ ಅವತ್ತು ವಿದೇಶ ಪುಟ ನನ್ನ ಪಾಲಿಗೆ ಬಂದಿತ್ತು. ಪುಟದ ತುಂಬ ಗಾಜಾ. ಅಲ್ಲಿ ಬಾಂಬ್ ದಾಳಿ ಶುರುವಾಗಿ ವಾರವಾಗಿತ್ತು, ಕದನವಿರಾಮದ ಮಾತು ನಡೆದಿತ್ತು. ಕೆಳಗೆ ಬಲಮೂಲೆಯಲ್ಲಿ ಸಿಂಗಲ್ ಕಾಲಂ, ಎಂಟು ಸೆಂಟಿಮೀಟರ್ ಜಾಗ ಉಳಿದಿತ್ತು. ಅಷ್ಟರಲ್ಲಿ ಏಜೆನ್ಸಿಯಿಂದ ಕಾಂಗೋದ ಕಾಪಿ ಬಂತು, ರುವಾಂಡಾ ಗಡಿಗೆ ಅಂಟಿಕೊಂಡ ಗೋಮಾ ಅನ್ನುವ ಊರಿನದು. ಏಳುನೂರು ಪದ ಇದ್ದಿರಬೇಕು. ಎಪ್ಪತ್ತು ಪದಕ್ಕೆ ಇಳಿಸಿದೆ. 'ಗೋಮಾ ಬಂಡುಕೋರರ ವಶಕ್ಕೆ' ಅಂತ ಹೆಡ್ಡಿಂಗ್ ಕೊಟ್ಟು, ಪುಟ ಕಳಿಸಿ, ಮನೆಗೆ ಹೋದೆ.

ಮಾರನೇ ದಿನ ಬೆಳಿಗ್ಗೆ ಕಸಬ್‌ನನ್ನು ಗಲ್ಲಿಗೇರಿಸಿದ ಸುದ್ದಿ ಬಂತು. ಅವತ್ತು ಎಲ್ಲ ಪುಟವೂ ಅದಕ್ಕೇ. ಗೋಮಾದಲ್ಲಿ ಎರಡನೇ ದಿನ ಏನಾಯಿತು ಅನ್ನುವುದಕ್ಕೆ ಒಂದು ಸಾಲಿನ ಜಾಗವೂ ಸಿಗಲಿಲ್ಲ. ಮೂರನೇ ದಿನದ ಹೊತ್ತಿಗೆ ಅದು ಹಳೇ ಸುದ್ದಿ. ಡಿಸೆಂಬರ್ 1ರಂದು ಬಂಡುಕೋರರು ಊರು ಬಿಟ್ಟು ಹೋದರು. ಆ ಕಾಪಿಯೂ ಬಂತು, ಓದಿದೆ, ಪಕ್ಕಕ್ಕಿಟ್ಟೆ. ಅಂದರೆ ನಮ್ಮ ಪತ್ರಿಕೆಯೊಂದನ್ನೇ ನಂಬಿ ಓದುತ್ತಿದ್ದವರ ಪಾಲಿಗೆ ಗೋಮಾ ಬಿತ್ತು, ಮತ್ತೆ ಏಳಲೇ ಇಲ್ಲ.

ಆ ಕಟಿಂಗ್ ನನ್ನ ಹತ್ತಿರ ಈಗಲೂ ಇದೆ. ಕಾಗದ ಹಳದಿಯಾಗಿದೆ. ಅದನ್ನು ಎತ್ತಿಟ್ಟುಕೊಳ್ಳಲು ಕಾರಣ, ಆಮೇಲಿನ ವರ್ಷಗಳಲ್ಲಿ ಕಾಂಗೋದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಗೀಳು ಹತ್ತಿತು. ಓದುತ್ತಾ ಹೋದ ಹಾಗೆ, ಆ ರಾತ್ರಿ ನಾನು ಕತ್ತರಿಸಿ ಬಿಸಾಕಿದ ಆರುನೂರ ಮೂವತ್ತು ಪದಗಳಲ್ಲೇ ಸುದ್ದಿ ಇತ್ತು ಅಂತ ಗೊತ್ತಾಯಿತು. ಇನ್ನೂ ಎಷ್ಟೋ ಸುದ್ದಿ ಆ ಏಳುನೂರು ಪದಗಳಲ್ಲೂ ಇರಲಿಲ್ಲ.

ಮೊದಲು ಆ ಗುಂಪಿನ ಹೆಸರನ್ನೇ ನೋಡಿ. ಎಂ23. ಏನೋ ಬಂದೂಕಿನ ಮಾಡೆಲ್ ಥರ ಕೇಳುತ್ತದೆ ಅಲ್ವಾ? ಅದು ಒಂದು ತಾರೀಖು. 2009ರ ಮಾರ್ಚ್ 23ರಂದು ಕಾಂಗೋ ಸರ್ಕಾರಕ್ಕೂ ಸಿಎನ್‌ಡಿಪಿ ಅನ್ನುವ ಇನ್ನೊಂದು ಬಂಡಾಯ ಗುಂಪಿಗೂ ಒಪ್ಪಂದವಾಯಿತು. ಆ ಗುಂಪಿನ ಹೋರಾಟಗಾರರನ್ನು ಸರ್ಕಾರಿ ಸೇನೆಗೆ ಸೇರಿಸಿಕೊಂಡರು. ಮೂರು ವರ್ಷದ ನಂತರ, 2012ರ ಏಪ್ರಿಲ್‌ನಲ್ಲಿ, ಅವರಲ್ಲಿ ಕೆಲವರು, ಸರ್ಕಾರ ಒಪ್ಪಂದ ಮುರಿದಿದೆ ಅಂತ ಹೇಳಿ ಸೇನೆಯಿಂದ ಹೊರಬಿದ್ದು ದಂಗೆ ಎದ್ದರು. ಮುರಿದ ಒಪ್ಪಂದದ ತಾರೀಖನ್ನೇ ಹೆಸರಾಗಿ ಇಟ್ಟುಕೊಂಡರು. ಅಂದರೆ ಹೆಸರಿನಲ್ಲೇ ಅರ್ಧ ಕಥೆ ಇದೆ. ಗೋಮಾ ಹಿಡಿದವರು ಎಲ್ಲಿಂದಲೋ ಉದುರಿದವರಲ್ಲ, ನಿನ್ನೆಯವರೆಗೂ ಸರ್ಕಾರದ ಸಂಬಳ ಎಣಿಸಿದವರು. ಕಾಪಿಯಲ್ಲಿ ಇದು ಕೊನೆಯ ಪ್ಯಾರಾದಲ್ಲಿತ್ತು. ಡೆಸ್ಕಿನಲ್ಲಿ ನಾವು ಕಾಪಿಯನ್ನು ಕೆಳಗಿನಿಂದ ಮೇಲಕ್ಕೆ ಕತ್ತರಿಸುತ್ತೇವೆ. ಹಾಗಾಗಿ ಹಿನ್ನೆಲೆ ಅನ್ನುವುದು ಯಾವಾಗಲೂ ಮೊದಲು ಹೋಗುತ್ತದೆ.

ಇನ್ನು 'ಬಂಡುಕೋರರು' ಅನ್ನುವ ಪದ. ಕನ್ನಡದಲ್ಲಿ ನಮಗೆ ಸಲೀಸಾಗಿ ಸಿಗುವ ಪದ ಅದು. ಸಿರಿಯಾದವರಿಗೂ ಅದೇ, ಯೆಮನ್‌ನವರಿಗೂ ಅದೇ, ಕಾಂಗೋದವರಿಗೂ ಅದೇ. ಈ ಪದ ಓದಿದ ತಕ್ಷಣ ಮನಸ್ಸಿನಲ್ಲಿ ಒಂದು ಚಿತ್ರ ಬರುತ್ತದೆ: ಒಂದು ದೇಶ, ಅದರ ಸರ್ಕಾರ, ಆ ಸರ್ಕಾರದ ವಿರುದ್ಧ ತಿರುಗಿಬಿದ್ದ ಅದೇ ದೇಶದ ಜನ. ಎಂ23 ವಿಷಯದಲ್ಲಿ ಈ ಚಿತ್ರ ಅರ್ಧ ಮಾತ್ರ ಸರಿ. 2012ರಲ್ಲೇ ವಿಶ್ವಸಂಸ್ಥೆಯ ತಜ್ಞರ ತಂಡ, ಈ ಗುಂಪಿಗೆ ಪಕ್ಕದ ರುವಾಂಡಾದಿಂದ ಆಯುಧ, ಜನ, ಆದೇಶ ಎಲ್ಲ ಹೋಗುತ್ತಿದೆ ಅಂತ ಬರೆದಿತ್ತು. 2024ರ ಜುಲೈನಲ್ಲಿ ಅದೇ ತಂಡ, ಕಾಂಗೋದ ನೆಲದಲ್ಲಿ 3,000ದಿಂದ 4,000 ರುವಾಂಡಾ ಸೈನಿಕರಿದ್ದಾರೆ ಅಂತ ಅಂದಾಜು ಕೊಟ್ಟಿತು. ರುವಾಂಡಾ ಇದನ್ನು ಒಪ್ಪುವುದಿಲ್ಲ. ತನ್ನ ಗಡಿಯ ರಕ್ಷಣೆಗೆ ಬೇಕಾದ ಕ್ರಮ ಮಾತ್ರ ತಗೊಂಡಿದ್ದೇನೆ ಅನ್ನುತ್ತದೆ. 1994ರ ನರಮೇಧ ಮಾಡಿದವರ ಪಳೆಯುಳಿಕೆಯಾದ ಎಫ್‌ಡಿಎಲ್‌ಆರ್ ಗುಂಪು ಇನ್ನೂ ಕಾಂಗೋದ ಕಾಡಿನಲ್ಲಿದೆ ಅನ್ನುತ್ತದೆ. ಆ ಗುಂಪು ಇರುವುದೂ ನಿಜ. ಇಷ್ಟೆಲ್ಲವನ್ನೂ 'ಬಂಡುಕೋರರು' ಅನ್ನುವ ಒಂದು ಪದದ ಮೇಲೆ ಹೊರಿಸಿದೆ ನಾನು.

ಆ ಪದ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಓದುವವರ ಕಣ್ಣನ್ನೆಲ್ಲ ಬಂಡುಕೋರರ ಮೇಲೆ ಇಡುತ್ತದೆ. ಅದೇ ವಾರ, ಗೋಮಾ ಬಿಟ್ಟು ಓಡಿದ ಸರ್ಕಾರಿ ಸೈನಿಕರು ಕಿವು ಸರೋವರದ ದಡದಲ್ಲಿರುವ ಮಿನೋವಾ ಅನ್ನುವ ಊರಿಗೆ ಬಂದರು. ಗೋಮಾದಿಂದ ಐವತ್ತು ಕಿಲೋಮೀಟರ್ ಆಸುಪಾಸು. ಸೋತ ಸೈನ್ಯ, ಕುಡಿದ ಸೈನ್ಯ, ಹಿಡಿತ ತಪ್ಪಿದ ಸೈನ್ಯ. ಮಿನೋವಾ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಕನಿಷ್ಠ 102 ಹೆಂಗಸರು, 33 ಹುಡುಗಿಯರು ಆ ಸೈನಿಕರ ಅತ್ಯಾಚಾರ, ಲೈಂಗಿಕ ಹಿಂಸೆಗೆ ಗುರಿಯಾದರು ಅಂತ ಮುಂದಿನ ವರ್ಷ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ದಾಖಲಿಸಿತು. ಅದೇ ವರದಿಯಲ್ಲಿ ಎಂ23 ಮಾಡಿದ ಅತ್ಯಾಚಾರಗಳೂ ಇವೆ. 2014ರಲ್ಲಿ ಮಿಲಿಟರಿ ಕೋರ್ಟಿನ ತೀರ್ಪು ಬಂದಾಗ ಅತ್ಯಾಚಾರಕ್ಕೆ ಶಿಕ್ಷೆಯಾಗಿದ್ದು ಬರೀ ಇಬ್ಬರು ಸೈನಿಕರಿಗೆ. ನಾನು ಗೋಮಾದ ಎಪ್ಪತ್ತು ಪದ ಬರೆದಿದ್ದರ ಬೆನ್ನಿಗೇ ಮಿನೋವಾದಲ್ಲಿ ಇದು ನಡೆಯುತ್ತಿತ್ತು. ಆ ಊರಿನ ಹೆಸರನ್ನು ನಾನು ಮೊದಲು ಕೇಳಿದ್ದು ಎರಡು ವರ್ಷದ ಮೇಲೆ.

ಕ್ಯಾಮೆರಾ ಯಾವ ಕಡೆ ತಿರುಗಿದೆ ಅನ್ನುವುದರ ಮೇಲೆ ಜನರ ಜೀವ ನಿಂತಿರುತ್ತದೆ ಅಂತ ಯಾರಾದರೂ ಹೇಳಿದ್ದರೆ ಮೊದಲು ನಂಬುತ್ತಿರಲಿಲ್ಲ. 1996ರ ಕಥೆ ಓದಿದ ಮೇಲೆ ನಂಬಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1994ರ ಜುಲೈ. ರುವಾಂಡಾದಲ್ಲಿ ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನರ ಕೊಲೆಯಾಗಿತ್ತು. ಹೆಚ್ಚಿನವರು ಟುಟ್ಸಿ ಜನಾಂಗದವರು, ಕೊಂದವರು ಹುಟು ಜನಾಂಗದ ಉಗ್ರರು. ಟುಟ್ಸಿಗಳೇ ಮುಂದಾಳುಗಳಾಗಿದ್ದ ಆರ್‌ಪಿಎಫ್ ಪಡೆ ದೇಶ ಗೆದ್ದಾಗ, ಹುಟುಗಳು ಲಕ್ಷಗಟ್ಟಲೆ ಗಡಿ ದಾಟಿ ಆಗ ಜೈರ್ ಅಂತ ಕರೆಯುತ್ತಿದ್ದ ಕಾಂಗೋಗೆ ಬಂದರು. ಕೆಲವೇ ದಿನಗಳಲ್ಲಿ ಎಂಟರಿಂದ ಹತ್ತು ಲಕ್ಷ ಜನ ಗೋಮಾದ ಸುತ್ತ ಬಂದು ಕುಳಿತರು. ಗೋಮಾ ಇರುವುದು ನೀರಗೋಂಗೋ ಜ್ವಾಲಾಮುಖಿಯ ಬುಡದಲ್ಲಿ. ನೆಲ ಅಂದರೆ ಗಟ್ಟಿಯಾದ ಕಪ್ಪು ಲಾವಾ. ಗುದ್ದಲಿ ಇಳಿಯುವುದಿಲ್ಲ. ಕಕ್ಕಸು ತೋಡಲು ಆಗಲಿಲ್ಲ, ಸತ್ತವರಿಗೆ ಗುಂಡಿ ತೋಡಲೂ ಆಗಲಿಲ್ಲ. ಕಾಲರಾ ಬಂತು. ಮೊದಲ ಒಂದೇ ತಿಂಗಳಲ್ಲಿ 50,000ದ ಹತ್ತಿರ ಜನ ಸತ್ತರು. ಚಾಪೆಯಲ್ಲಿ ಸುತ್ತಿದ ಹೆಣಗಳನ್ನು ರಸ್ತೆ ಬದಿಯಲ್ಲಿ ಸಾಲಾಗಿ ಮಲಗಿಸಿದ ಚಿತ್ರಗಳು ಜಗತ್ತಿನ ಎಲ್ಲ ಟಿವಿಯಲ್ಲೂ ಬಂದವು. ನೆರವು ಹರಿದು ಬಂತು.

ಆಗ ಹೆಚ್ಚಿನ ವರದಿಗಳು ಇವರೆಲ್ಲರನ್ನೂ 'ನಿರಾಶ್ರಿತರು' ಅಂತ ಒಂದೇ ಮೂಟೆ ಕಟ್ಟಿದವು. ಆ ಜನರ ನಡುವೆ ನರಮೇಧ ನಡೆಸಿದ ಸೈನಿಕರು, ಇಂಟರಹಾಮ್ವೆ ಅನ್ನುವ ಕೊಲೆಗಡುಕ ಪಡೆಯವರು, ಹಳೇ ಸರ್ಕಾರದ ಮಂತ್ರಿಗಳು ಕೂಡ ಇದ್ದರು. ಕ್ಯಾಂಪಿನಲ್ಲಿ ಆಡಳಿತ ಅವರದ್ದೇ. ಅಲ್ಲಿಂದಲೇ ರುವಾಂಡಾದ ಮೇಲೆ ದಾಳಿಗಳಾಗುತ್ತಿದ್ದವು. ಎರಡು ವರ್ಷ ಇದು ನಡೆಯಿತು. ಅಷ್ಟರಲ್ಲಿ ಕ್ಯಾಮೆರಾಗಳು ಹೊರಟುಹೋಗಿದ್ದವು.

1996ರ ನವೆಂಬರ್‌ನಲ್ಲಿ ಅವು ವಾಪಸ್ ಬಂದವು. ಲೊರಾಂ ಕಬಿಲಾ ಮುಂದಾಳುತನದ ಬಂಡಾಯ ಪಡೆ, ಅದರ ಬೆನ್ನಿಗೆ ರುವಾಂಡಾ ಸೇನೆ, ಕ್ಯಾಂಪುಗಳ ಮೇಲೆ ಬಿದ್ದಿತು. ನವೆಂಬರ್ 15ರಂದು ಮುಗುಂಗಾ ಅನ್ನುವ ದೊಡ್ಡ ಕ್ಯಾಂಪು ಒಡೆದು ಜನ ರುವಾಂಡಾ ಕಡೆ ನಡೆಯಲು ಶುರು ಮಾಡಿದರು. ತಲೆ ಮೇಲೆ ಗಂಟು, ಬೆನ್ನ ಮೇಲೆ ಮಗು, ಕೈಯಲ್ಲಿ ಹಳದಿ ಕ್ಯಾನು. ಕೆಲವೇ ದಿನಗಳಲ್ಲಿ ಐದು ಲಕ್ಷದ ಆಸುಪಾಸು ಜನ ಗಡಿ ದಾಟಿದರು. ಎಂಥ ದೃಶ್ಯ! ಕ್ಯಾಮೆರಾಗಳೆಲ್ಲ ಗೋಮಾದ ಗಡಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತವು. ಅದೇ ನವೆಂಬರ್ 15ರಂದು, ನಿರಾಶ್ರಿತರನ್ನು ಕಾಪಾಡಲು ಕೆನಡಾ ನೇತೃತ್ವದಲ್ಲಿ ಬಹುರಾಷ್ಟ್ರ ಪಡೆ ಕಳಿಸಲು ಭದ್ರತಾ ಮಂಡಳಿ ಒಪ್ಪಿಗೆ ಕೊಟ್ಟಿತ್ತು. ಜನ ವಾಪಸ್ ಹೋಗುತ್ತಿರುವುದನ್ನು ಟಿವಿಯಲ್ಲಿ ನೋಡಿದ ದೇಶಗಳಿಗೆ ಆ ಪಡೆ ಬೇಕು ಅಂತ ಅನ್ನಿಸಲಿಲ್ಲ. ಸಮಸ್ಯೆ ಬಗೆಹರಿಯಿತಲ್ಲ! ಡಿಸೆಂಬರ್‌ನಲ್ಲಿ ಅದನ್ನು ಕೈಬಿಟ್ಟರು.

ಕ್ಯಾಮೆರಾದ ಬೆನ್ನಿನ ಕಡೆ, ಪಶ್ಚಿಮಕ್ಕೆ, ಇನ್ನೂ ಲಕ್ಷಗಟ್ಟಲೆ ಜನ ಕಾಡಿನೊಳಗೆ ಓಡಿದ್ದರು. ಕೊಲೆಗಡುಕರೂ, ಅವರಿಗೆ ಹೆದರಿದವರೂ, ರುವಾಂಡಾ ಸೇನೆಗೆ ಹೆದರಿದವರೂ, ಮುದುಕರೂ, ಮಕ್ಕಳೂ. ವಾರಗಟ್ಟಲೆ ನಡೆದು ಟಿಂಗಿ-ಟಿಂಗಿ ಅನ್ನುವ ಜಾಗದಲ್ಲಿ ಗುಡಿಸಲು ಹಾಕಿಕೊಂಡರು. ಹಸಿವು, ಅತಿಸಾರ, ಮಲೇರಿಯಾ. 1997ರ ಮಾರ್ಚ್ ಹೊತ್ತಿಗೆ ಬೆನ್ನಟ್ಟಿ ಬಂದ ಪಡೆಗಳು ಅಲ್ಲಿಗೂ ತಲುಪಿದವು. ಓಡಲಾರದವರನ್ನು ಕೊಂದರು. ಇದು ವಿಶ್ವಸಂಸ್ಥೆಯ ವರದಿಯಾಗಿ ಬಂದಿದ್ದು 2010ರ ಅಕ್ಟೋಬರ್‌ನಲ್ಲಿ. 550ಕ್ಕೂ ಜಾಸ್ತಿ ಪುಟ. 1993ರಿಂದ 2003ರವರೆಗಿನ 617 ಭೀಕರ ಘಟನೆಗಳನ್ನು ಒಂದೊಂದಾಗಿ ಬರೆದಿದ್ದಾರೆ. ತಾರೀಖು, ಊರು, ಯಾರು ಮಾಡಿದರು, ಎಷ್ಟು ಜನ. ಹುಟು ನಿರಾಶ್ರಿತರ ಮೇಲಿನ ಕೆಲವು ದಾಳಿಗಳು ಕೋರ್ಟಿನಲ್ಲಿ ಸಾಬೀತಾದರೆ ನರಮೇಧ ಅನ್ನಿಸಿಕೊಳ್ಳಬಹುದು ಅಂತಲೂ ಅದರಲ್ಲಿದೆ. ರುವಾಂಡಾ ಅದನ್ನು ಪೂರ್ತಿ ತಳ್ಳಿಹಾಕಿತು. ಆ ವರದಿಯ ಮೇಲೆ ಇಲ್ಲಿಯವರೆಗೆ ಯಾವ ಅಂತಾರಾಷ್ಟ್ರೀಯ ಕೋರ್ಟೂ ಕೂತಿಲ್ಲ.

ವರದಿಗಾರರನ್ನು ಬೈಯುವುದು ಸುಲಭ. ಬಂಡಾಯ ಪಡೆ ಅವರನ್ನು ಕಾಡಿನ ಕಡೆ ಬಿಡಲಿಲ್ಲ. ರಸ್ತೆ ಇಲ್ಲ, ವಿಮಾನ ಇಲ್ಲ. ಆದರೂ 'ಇಲ್ಲಿ ನಮ್ಮನ್ನು ಬಿಡುತ್ತಿಲ್ಲ, ಆಚೆ ಲಕ್ಷಾಂತರ ಜನ ಇದ್ದಾರೆ' ಅನ್ನುವ ಸಾಲನ್ನು ಪ್ರತಿ ವರದಿಯ ಮೊದಲಿಗೆ ಹಾಕಬಹುದಿತ್ತಲ್ಲ? ಕೆಲವರು ಹಾಕಿದರು ಕೂಡ. ಆದರೆ ಡೆಸ್ಕಿನಲ್ಲಿ ಕೂತವಳಾಗಿ ನನಗೆ ಗೊತ್ತು, ಕಣ್ಣೆದುರಿನ ಚಿತ್ರದ ಮುಂದೆ ಅಂಥ ಸಾಲು ಉಳಿಯುವುದಿಲ್ಲ.

ಸಂಖ್ಯೆಯ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. 2008ರ ಜನವರಿಯಲ್ಲಿ ಒಂದು ಸಮೀಕ್ಷೆಯ ಸುದ್ದಿ ಬಂತು. ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ ಅನ್ನುವ ನೆರವು ಸಂಸ್ಥೆ ಮಾಡಿಸಿದ್ದು. 1998ರಿಂದ 2007ರವರೆಗೆ ಕಾಂಗೋದಲ್ಲಿ ಯುದ್ಧದ ಕಾರಣಕ್ಕೆ 54 ಲಕ್ಷ ಜನ ಸತ್ತಿದ್ದಾರೆ ಅಂತ. ನಾನು ಬರೆದಿದ್ದು: 'ಕಾಂಗೋ ಯುದ್ಧ: 54 ಲಕ್ಷ ಜನರ ಹತ್ಯೆ.' ಹೆಡ್ಡಿಂಗಿನಲ್ಲಿ 'ಸಾವು' ಅಂತ ಹಾಕಿದ್ದರೂ ಕೂರುತ್ತಿತ್ತು. ಅಕ್ಷರ ಒಂದೂ ಜಾಸ್ತಿ ಆಗುತ್ತಿರಲಿಲ್ಲ. 'ಹತ್ಯೆ' ಜೋರಾಗಿ ಕೇಳುತ್ತದೆ ಅಂತ ಹಾಕಿದೆ.

ಆ ಸಮೀಕ್ಷೆ ಹೇಳಿದ್ದು ಬೇರೆಯೇ. ಅವರು ಮನೆಮನೆಗೆ ಹೋಗಿ, ಇಂಥ ತಿಂಗಳಿನಿಂದ ಇಂಥ ತಿಂಗಳಿನವರೆಗೆ ಈ ಮನೆಯಲ್ಲಿ ಯಾರು ತೀರಿಕೊಂಡರು, ಏನಾಗಿ ತೀರಿಕೊಂಡರು ಅಂತ ಕೇಳಿದರು. ಸಾಮಾನ್ಯ ಕಾಲದಲ್ಲಿ ಆಗುತ್ತಿದ್ದ ಸಾವಿಗಿಂತ ಎಷ್ಟು ಜಾಸ್ತಿ ಆಗಿದೆ ಅಂತ ಲೆಕ್ಕ ಹಾಕಿದರು. ಕೊನೆಯ ಸಮೀಕ್ಷೆಯ ಅವಧಿಯಲ್ಲಿ ಗುಂಡು, ಮಚ್ಚಿಗೆ ನೇರವಾಗಿ ಸತ್ತವರು ಶೇ 1ಕ್ಕಿಂತ ಕಡಿಮೆ. ಉಳಿದವರು ಮಲೇರಿಯಾ, ಭೇದಿ, ನ್ಯುಮೋನಿಯಾ, ಅಪೌಷ್ಟಿಕತೆಯಿಂದ ಸತ್ತವರು. ಹತ್ತಿರ ಹತ್ತಿರ ಅರ್ಧದಷ್ಟು ಜನ ಐದು ವರ್ಷದೊಳಗಿನ ಮಕ್ಕಳು. ಆ ಮಗುವಿನ ಸಾವನ್ನು ಯೋಚಿಸಿ ನೋಡಿ. ಊರಿಗೆ ಸೈನಿಕರು ಬಂದರು, ತಾಯಿ ಮಗುವನ್ನೆತ್ತಿಕೊಂಡು ಕಾಡಿಗೆ ಓಡಿದಳು, ಎರಡು ವಾರ ಅಲ್ಲೇ ಇದ್ದಳು. ವಾಪಸ್ ಬಂದಾಗ ಆರೋಗ್ಯ ಕೇಂದ್ರ ಲೂಟಿಯಾಗಿತ್ತು. ಮಗುವಿಗೆ ಜ್ವರ. ಯಾರೂ ಗುಂಡು ಹಾರಿಸಲಿಲ್ಲ. ಇಂಥ ಸಾವಿಗೆ ಫೋಟೊ ಇರುವುದಿಲ್ಲ, ಕೊಲೆಗಾರನ ಹೆಸರಿರುವುದಿಲ್ಲ. ಈ ಯುದ್ಧದ ಬಹುಪಾಲು ಸಾವು ಇಂಥದ್ದೇ. ನಾನು ಅದನ್ನು 'ಹತ್ಯೆ' ಅಂತ ಬರೆದು ಆ ತಾಯಿಯ ಕಥೆಯನ್ನೇ ಅಳಿಸಿದೆ.

ಆಮೇಲೆ ಆ 54 ಲಕ್ಷದ ಮೇಲೂ ತಕರಾರು ಬಂತು. ಸಾಮಾನ್ಯ ಕಾಲದ ಸಾವಿನ ಪ್ರಮಾಣ ಅಂತ ಅವರು ಹಿಡಿದದ್ದು ಆಫ್ರಿಕಾದ ಸರಾಸರಿ. ಸರ್ವಾಧಿಕಾರಿ ಮೊಬುಟು 1965ರಿಂದ ಮೂವತ್ತೆರಡು ವರ್ಷ ಆಳಿ ಬರಿದು ಮಾಡಿಟ್ಟಿದ್ದ ದೇಶದಲ್ಲಿ ಯುದ್ಧಕ್ಕೆ ಮೊದಲೇ ಸಾವು ಅದಕ್ಕಿಂತ ಜಾಸ್ತಿ ಇತ್ತು, ಹಾಗಾಗಿ ಯುದ್ಧದ ಲೆಕ್ಕಕ್ಕೆ ಬರೆಯಬೇಕಾದ ಸಾವು ಕಡಿಮೆ ಅಂತ ಬೇರೆ ತಜ್ಞರು ವಾದಿಸಿದರು. ಈ ವಾದ ಬಂದು ಹದಿನೈದು ವರ್ಷ ಕಳೆದಿದೆ. ಇವತ್ತಿಗೂ ಕಾಂಗೋ ಸುದ್ದಿಯ ಕೊನೆಯಲ್ಲಿ '50 ಲಕ್ಷಕ್ಕೂ ಹೆಚ್ಚು ಜನ ಬಲಿಯಾದ' ಅನ್ನುವ ಸಾಲು ಹಾಗೇ ಅಂಟಿಕೊಂಡಿರುತ್ತದೆ.

ಖನಿಜದ ಕಥೆ ನಿಮಗೂ ಗೊತ್ತಿರುತ್ತದೆ. ನಿಮ್ಮ ಮೊಬೈಲಿನಲ್ಲಿ ಕಾಂಗೋದ ರಕ್ತ ಇದೆ ಅನ್ನುವುದು. ಸುಳ್ಳಲ್ಲ. ಮಸೀಸಿ ಕಡೆಯ ರುಬಾಯಾ ಗಣಿಯಿಂದ ಕೋಲ್ಟಾನ್ ಅನ್ನುವ ಅದಿರು ಬರುತ್ತದೆ. ಅದರಿಂದ ಟ್ಯಾಂಟಲಮ್, ಅದರಿಂದ ಫೋನು, ಲ್ಯಾಪ್‌ಟಾಪಿನ ಒಳಗಿನ ಕೆಪಾಸಿಟರ್. 2024ರಲ್ಲಿ ಎಂ23 ರುಬಾಯಾ ಹಿಡಿದ ಮೇಲೆ ಅಲ್ಲಿ ವಸೂಲಿ ಮಾಡುವ ತೆರಿಗೆಯೇ ತಿಂಗಳಿಗೆ ಸುಮಾರು ಎಂಟು ಲಕ್ಷ ಡಾಲರ್ ಅಂತ ವಿಶ್ವಸಂಸ್ಥೆಯ ತಜ್ಞರು ಲೆಕ್ಕ ಹಾಕಿದ್ದಾರೆ. ನನ್ನ ತಕರಾರು, ಇದೊಂದೇ ಕಥೆಯಾಗಿಬಿಟ್ಟಿದ್ದಕ್ಕೆ. 2012ರಲ್ಲಿ ಎಂ23 ದಂಗೆ ಎದ್ದ ರುಟ್ಶುರುವಿನಲ್ಲಿ ಹೇಳಿಕೊಳ್ಳುವಂಥ ಗಣಿ ಇಲ್ಲ. 2021ರ ಕೊನೆಯಲ್ಲಿ ಮತ್ತೆ ಎದ್ದು, 2022ರ ಜೂನ್‌ನಲ್ಲಿ ಮೊದಲು ಹಿಡಿದ ದೊಡ್ಡ ಊರು ಬುನಗಾನಾ. ಅದು ಉಗಾಂಡಾ ಗಡಿಯ ಸುಂಕದ ಕಟ್ಟೆ. ಅಲ್ಲಿನ ಆದಾಯ ದಾಟಿ ಹೋಗುವ ಲಾರಿಗಳಿಂದ. ಬೇರೆ ಗುಂಪುಗಳೂ ರಸ್ತೆಗೆ ಅಡ್ಡ ಬಿದಿರು ಕಟ್ಟಿ, ಇದ್ದಿಲಿಗೆ, ಮರಕ್ಕೆ, ಸಂತೆಗೆ ಹೋಗುವ ಆಲೂಗಡ್ಡೆಗೆ ಕಾಸು ಕೀಳುತ್ತವೆ. ಇದ್ದಿಲಿಗೆ ಅಲ್ಲಿ ಮಕಾಲಾ ಅನ್ನುತ್ತಾರೆ. ಗೋಮಾದ ಒಲೆಗಳೆಲ್ಲ ಉರಿಯುವುದು ಅದರಿಂದ.

ಈ ಒಂದೇ ಕಥೆಯಿಂದ ಕಾನೂನೂ ಹುಟ್ಟಿತು. 2010ರ ಜುಲೈನಲ್ಲಿ ಅಮೆರಿಕ, ತನ್ನ ಷೇರುಪೇಟೆಯ ಕಂಪನಿಗಳು ಕಾಂಗೋ ಮತ್ತು ಅದರ ಸುತ್ತಲಿನ ದೇಶಗಳಿಂದ ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ ತರಿಸಿದರೆ ಅದನ್ನು ಬಹಿರಂಗ ಮಾಡಬೇಕು ಅಂತ ಕಾನೂನು ಮಾಡಿತು. ಉದ್ದೇಶ ಒಳ್ಳೆಯದೇ. ಸೆಪ್ಟೆಂಬರ್‌ನಲ್ಲಿ ಕಾಂಗೋದ ಆಗಿನ ಅಧ್ಯಕ್ಷ, ಲೊರಾಂ ಕಬಿಲಾ ಅವರ ಮಗ ಜೋಸೆಫ್ ಕಬಿಲಾ ಪೂರ್ವದ ಮೂರು ಪ್ರಾಂತ್ಯಗಳಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿದರು. ನಿಷೇಧ 2011ರ ಮಾರ್ಚ್‌ವರೆಗೆ ಇತ್ತು. ಅದು ತೆರವಾದ ಮೇಲೂ ಎಷ್ಟೋ ಖರೀದಿದಾರರು ಆ ಕಡೆ ತಲೆ ಹಾಕಲಿಲ್ಲ. ಸಲಿಕೆ ಹಿಡಿದು ಗುಂಡಿ ತೋಡಿ ಬದುಕುತ್ತಿದ್ದವರ ಕೈಯಲ್ಲಿ ಕೆಲಸ ಇಲ್ಲದಂತಾಯಿತು. ಮಕ್ಕಳ ಶಾಲೆ ಫೀಸಿಗೆ ಕಾಸಿಲ್ಲ. ಅಲ್ಲಿನ ಜನ ಅದಕ್ಕೆ ಇಟ್ಟ ಹೆಸರು 'ಒಬಾಮಾ ಕಾನೂನು'. ರಕ್ತಖನಿಜದ ಬಗ್ಗೆ ಬಂದಷ್ಟು ಸುದ್ದಿಯಲ್ಲಿ ನೂರನೇ ಒಂದು ಪಾಲೂ ಇದರ ಬಗ್ಗೆ ಬರಲಿಲ್ಲ.

ಗಣಿಗಿಂತ ಹಳೆಯ ಜಗಳ ಭೂಮಿಯದ್ದು. 1937ರಿಂದ ಬೆಲ್ಜಿಯಂನವರು ರುವಾಂಡಾದಿಂದ ಕುಟುಂಬಗಳನ್ನು ಕರೆತಂದು ಮಸೀಸಿಯ ಗುಡ್ಡಗಳಲ್ಲಿ ಕೂರಿಸಿದರು. ಅವರ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಹುಟ್ಟಿ ಬೆಳೆದರು. 1972ರಲ್ಲಿ ಒಂದು ಕಾನೂನು ಅವರಿಗೆ ಪೌರತ್ವ ಕೊಟ್ಟಿತು. 1981ರಲ್ಲಿ ಇನ್ನೊಂದು ಕಾನೂನು ಅದನ್ನು ಕಿತ್ತುಕೊಂಡಿತು. ಪೌರತ್ವ ಹೋದರೆ ಜಮೀನಿನ ಹಕ್ಕೂ ಅಲುಗಾಡುತ್ತದೆ. ನೀನು ಈ ದೇಶದವನೇ ಅಲ್ಲ ಅಂತ ಪಕ್ಕದ ಹೊಲದವನು ಹೇಳಬಹುದು. 1993ರಲ್ಲಿ ಮಸೀಸಿಯಲ್ಲಿ ಇದೇ ವಿಷಯಕ್ಕೆ ಹೊಡೆದಾಟವಾಗಿ ಸಾವಿರಾರು ಜನ ಸತ್ತರು. ಆಗ ರುವಾಂಡಾದ ನರಮೇಧ ಇನ್ನೂ ನಡೆದೇ ಇರಲಿಲ್ಲ. ನಮ್ಮ ಸುದ್ದಿಯಲ್ಲಿ ಇದಕ್ಕೆಲ್ಲ ಇದ್ದ ಪದ 'ಜನಾಂಗೀಯ ಸಂಘರ್ಷ'. ಏನೋ ಅವರ ರಕ್ತದಲ್ಲೇ ಬಂದಿದೆ ಅನ್ನುವ ಹಾಗೆ. ಕಾನೂನು ಪುಸ್ತಕದಲ್ಲಿ ಆದ ತಿದ್ದುಪಡಿ, ಖಾತೆ, ಗಡಿಕಲ್ಲು ಯಾವುದೂ ಅದರಲ್ಲಿ ಕಾಣುವುದಿಲ್ಲ.

ನಮ್ಮ ಡೆಸ್ಕುಗಳಲ್ಲಿ ಕಾಂಗೋ ಕಾಪಿ ಬಂದಾಗ ಕೇಳುವ ಮೊದಲ ಪ್ರಶ್ನೆ, 'ನಮ್ಮವರು ಯಾರಾದರೂ ಇದ್ದಾರಾ?' ಇರುತ್ತಾರೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಭಾರತೀಯರು ವರ್ಷಗಳಿಂದ ಗೋಮಾದಲ್ಲಿದ್ದಾರೆ. 2022ರ ಜುಲೈ 26ರಂದು ಬುಟೆಂಬೊದಲ್ಲಿ ಆ ಪಡೆಯ ವಿರುದ್ಧ ಜನ ನಡೆಸಿದ ಪ್ರತಿಭಟನೆಯಲ್ಲಿ ಬಿಎಸ್‌ಎಫ್‌ನ ಇಬ್ಬರು ಯೋಧರು ಸತ್ತಾಗ ಅದು ಎಲ್ಲ ಕಡೆ ಮುಖಪುಟದ ಸುದ್ದಿಯಾಯಿತು. ಆಗಲೇಬೇಕಿತ್ತು, ಆ ಎರಡು ಮನೆಗಳ ದುಃಖ ದೊಡ್ಡದು. ಆದರೆ ಆ ಜನ ಯಾಕೆ ರೊಚ್ಚಿಗೆದ್ದು ಬೀದಿಗೆ ಬಂದಿದ್ದರು ಅನ್ನುವುದಕ್ಕೆ ಒಂದು ಸಾಲು ಮಾತ್ರ ಇತ್ತು. 1999ರಿಂದ ಬೇರೆ ಬೇರೆ ಹೆಸರಿನಲ್ಲಿ ಆ ಪಡೆ ಅಲ್ಲೇ ಇದೆ. ಅಷ್ಟಾದರೂ ಹಳ್ಳಿಗಳಲ್ಲಿ ರಾತ್ರೋರಾತ್ರಿ ಜನರನ್ನು ಕಡಿಯುವುದು ನಿಂತಿಲ್ಲ. ಅದೇ ಸಿಟ್ಟು. ಆ ವಾರದ ಗಲಾಟೆಯಲ್ಲಿ ಸತ್ತವರಲ್ಲಿ ಬಹುಪಾಲು ಕಾಂಗೋದ ನಾಗರಿಕರೇ.

ಹಾಗಾದರೆ ಅಲ್ಲಿನ ಸುದ್ದಿಯನ್ನು ದಿನದಿನವೂ ಬರೆಯುವವರು ಯಾರು? ಅಲ್ಲಿಯವರೇ. ರೇಡಿಯೊ ಒಕಾಪಿ ಅಂತ ಒಂದು ಕೇಂದ್ರ ಇದೆ. 2002ರ ಫೆಬ್ರವರಿಯಲ್ಲಿ ಶುರುವಾಯಿತು. ಫ್ರೆಂಚ್, ಸ್ವಾಹಿಲಿ, ಲಿಂಗಾಲ, ಕಿಕೊಂಗೊ, ಚಿಲುಬಾ ಐದೂ ಭಾಷೆಯಲ್ಲಿ ಸುದ್ದಿ ಕೊಡುತ್ತದೆ. ಒಕಾಪಿ ಅಂದರೆ ಕಾಂಗೋದ ಕಾಡಿನಲ್ಲಿ ಮಾತ್ರ ಇರುವ, ಕಾಲಿನ ಮೇಲೆ ಪಟ್ಟೆ ಇರುವ ಪ್ರಾಣಿ. ಯಾವ ರಸ್ತೆ ಸುರಕ್ಷಿತ, ಯಾವ ಊರಿನಿಂದ ಜನ ಹೊರಟಿದ್ದಾರೆ, ಎಲ್ಲಿ ಕಾಲರಾ ಬಂದಿದೆ, ಎಲ್ಲ ಅದರಲ್ಲಿ ಬರುತ್ತದೆ. ಅದರ ವರದಿಗಾರ ಸೆರ್ಜ್ ಮಹೇಶೆ ಅವರನ್ನು 2007ರ ಜೂನ್‌ನಲ್ಲಿ ಬುಕಾವುವಿನ ಬೀದಿಯಲ್ಲಿ ಗುಂಡಿಟ್ಟು ಕೊಂದರು. ಮುಂದಿನ ವರ್ಷ ನವೆಂಬರ್‌ನಲ್ಲಿ ಅದೇ ಊರಿನಲ್ಲಿ ಅವರ ಸಹೋದ್ಯೋಗಿ ದಿದಾಸ್ ನಮುಜಿಂಬೊ ಅವರನ್ನೂ ಕೊಂದರು. ಇವರಿಬ್ಬರ ಬಗ್ಗೆ ನಾನು ಒಂದು ಸಾಲೂ ಬರೆಯಲಿಲ್ಲ. ಆಗ ನಾನು ಡೆಸ್ಕಿನಲ್ಲೇ ಇದ್ದೆ.

ನಾವು ಓದುವ ಕಾಪಿಯ ಡೇಟ್‌ಲೈನ್ ಸಾಮಾನ್ಯವಾಗಿ ನೈರೋಬಿ ಇರುತ್ತದೆ, ಇಲ್ಲವೇ ಕಿನ್ಶಾಸಾ. ಕಿನ್ಶಾಸಾದಿಂದ ಗೋಮಾಕ್ಕೆ 1,500 ಕಿಲೋಮೀಟರಿಗೂ ಜಾಸ್ತಿ, ಸರಿಯಾದ ರಸ್ತೆಯೇ ಇಲ್ಲ. ರುವಾಂಡಾದ ರಾಜಧಾನಿ ಕಿಗಾಲಿಯಿಂದಾದರೆ ಒಳ್ಳೆಯ ರಸ್ತೆ, ಮೂರ್ನಾಲ್ಕು ಗಂಟೆ ದಾರಿ. ಹಾಗಾಗಿ ಹೊರಗಿನ ವರದಿಗಾರರು ಎಷ್ಟೋ ಸಲ ಯುದ್ಧದಲ್ಲಿ ಪಾತ್ರವಿರುವ ದೇಶದ ದಾರಿಯಲ್ಲೇ ಬಂದು, ಅದೇ ದಾರಿಯಲ್ಲಿ ಹೋಗುತ್ತಾರೆ. ಕಾಪಿಯಲ್ಲಿ ಅದನ್ನು ಯಾರೂ ಬರೆಯುವುದಿಲ್ಲ.

2025ರ ಜನವರಿ 27ರಂದು ಎಂ23 ಗೋಮಾವನ್ನು ಮತ್ತೆ ಹಿಡಿಯಿತು. ಅಷ್ಟರಲ್ಲಿ ನಾನು ಡೆಸ್ಕ್ ಬಿಟ್ಟು ಕೆಲವು ವರ್ಷವಾಗಿತ್ತು. ಟಿವಿ ಹಾಕಿದರೆ, ಸರ್ಕಾರದ ಪರ ಇದ್ದ ಸುಮಾರು ಮುನ್ನೂರು ಜನ ರುಮೇನಿಯಾದ ಬಾಡಿಗೆ ಸೈನಿಕರು ಗಡಿ ದಾಟಿ ಶರಣಾಗುವ ದೃಶ್ಯ. ಅದನ್ನು ತಿರುಗಿಸಿ ಮುರುಗಿಸಿ ತೋರಿಸಿದರು. ಆ ವಾರ ಊರಿನಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಹೆಣ ಹೂಳಿದರು. ಫೆಬ್ರವರಿ ಮಧ್ಯದಲ್ಲಿ ಬುಕಾವು ಬಿತ್ತು. ಆಮೇಲೆ ಮತ್ತೆ ಮೌನ.

ಮೌನದಲ್ಲಿ ಏನಾಯಿತು ಗೊತ್ತಾ? ಗೋಮಾದ ಸುತ್ತ ಲಕ್ಷಗಟ್ಟಲೆ ಜನ ಟಾರ್ಪಾಲಿನ್ ಗುಡಾರದಲ್ಲಿದ್ದರು. ಅದೇ ಕಪ್ಪು ಲಾವಾದ ಮೇಲೆ, 1994ರ ಜನ ಇದ್ದ ಹಾಗೆಯೇ. ಫೆಬ್ರವರಿಯಲ್ಲಿ ಅವರಿಗೆ 72 ಗಂಟೆಯಲ್ಲಿ ಜಾಗ ಖಾಲಿ ಮಾಡಿ ಅಂತ ಎಂ23 ಹೇಳಿತು. ಗೂಟ ಕಿತ್ತರು, ಟಾರ್ಪಾಲಿನ್ ಮಡಚಿ ತಲೆ ಮೇಲಿಟ್ಟುಕೊಂಡರು, ನಡೆದರು. ಎಷ್ಟೋ ಜನರ ಹಳ್ಳಿಯಲ್ಲಿ ಮನೆ ಉಳಿದಿರಲಿಲ್ಲ. ಸಾಮಾನು ಸಾಗಿಸಲು ಕೆಲವರಿಗೆ ಚುಕುಡು ಸಿಕ್ಕಿತು. ಚುಕುಡು ಅಂದರೆ ಕೈಯಲ್ಲೇ ಕಡೆದು ಮಾಡಿದ ಮರದ ಗಾಡಿ. ಎರಡು ಚಕ್ರ, ಮೇಲೆ ರಬ್ಬರಿನ ಪಟ್ಟಿ, ಮುಂದೆ ಅಗಲವಾದ ಹಿಡಿ. ಒಂದು ಮಂಡಿ ಹಲಗೆಯ ಮೇಲಿಟ್ಟು ಇನ್ನೊಂದು ಕಾಲಿನಲ್ಲಿ ನೂಕುತ್ತಾ ಹೋಗುತ್ತಾರೆ. ಇಳಿಜಾರಿನಲ್ಲಿ ಕ್ವಿಂಟಲುಗಟ್ಟಲೆ ಆಲೂಗಡ್ಡೆ ಹೊತ್ತು ಬರುವ ಗಾಡಿ ಅದು. ಊರ ಮಧ್ಯದಲ್ಲಿ ಅದರದ್ದೊಂದು ಬಂಗಾರದ ಬಣ್ಣದ ಪ್ರತಿಮೆಯೇ ಇದೆ.

ಬ್ಯಾಂಕುಗಳು ಮುಚ್ಚಿದವು. ವಿಮಾನ ನಿಲ್ದಾಣ ಮುಚ್ಚಿತು. ಸಂಬಳ ಬರುವುದು ಬ್ಯಾಂಕಿಗೆ, ಬ್ಯಾಂಕು ಬಾಗಿಲು ಹಾಕಿದರೆ ಸಂಬಳ ಎಲ್ಲಿ? ದುಡ್ಡು ತೆಗೆಯಲು ಜನ ಗಡಿ ದಾಟಿ ರುವಾಂಡಾದ ಗಿಸೆನಿಗೆ ಹೋಗುವಂತಾಯಿತು. ಗಡಿಯಲ್ಲಿ ಎರಡು ಗೇಟು. ಸಣ್ಣ ಗೇಟಿಗೆ 'ಪೆತೀತ್ ಬಾರಿಯೆರ್' ಅನ್ನುತ್ತಾರೆ. ಟೊಮೆಟೊ, ಹಾಲು, ಬೀನ್ಸ್ ಬುಟ್ಟಿ ಹೊತ್ತ ಹೆಂಗಸರು ದಿನಾ ಸಾವಿರಗಟ್ಟಲೆ ದಾಟುವ ಗೇಟು. ಯಾರ ಸೇನೆ ಯಾರ ಮೇಲೆ ಬಿದ್ದರೂ ಮಧ್ಯಾಹ್ನದ ಅಡುಗೆಗೆ ತರಕಾರಿ ಬರಬೇಕಾಗಿದ್ದು ಅಲ್ಲಿಂದಲೇ. ಎರಡು ದೇಶಗಳು ಯುದ್ಧದ ಅಂಚಿನಲ್ಲಿವೆ ಅಂತ ಹೆಡ್ಡಿಂಗ್ ಬರುವ ದಿನವೂ ಆ ಬುಟ್ಟಿಗಳು ಆ ಗೇಟಿಗೆ ಬರುತ್ತವೆ.

2025ರ ಡಿಸೆಂಬರ್ 4ರಂದು ವಾಷಿಂಗ್ಟನ್‌ನಲ್ಲಿ ಕಾಂಗೋ ಮತ್ತು ರುವಾಂಡಾ ಅಧ್ಯಕ್ಷರು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಫೋಟೊ ಎಲ್ಲ ಕಡೆ ಬಂತು. ಒಂದು ವಾರ ತುಂಬುವುದರೊಳಗೆ, 10ನೇ ತಾರೀಖು, ಎಂ23 ಉವಿರಾಕ್ಕೆ ನುಗ್ಗಿತು. ಆ ರಾತ್ರಿ ನನ್ನ ಹಳೇ ಡೆಸ್ಕಿನ ಹುಡುಗನೊಬ್ಬ ಫೋನ್ ಮಾಡಿದ. ನಾನು ಬಿಟ್ಟ ಪುಟ ಈಗ ಅವನದ್ದು.

"ಮೇಡಂ, ಉವಿರಾ ಅಂತಾನಾ, ಉವೀರಾ ಅಂತಾನಾ?"

"ಉವಿರಾ ಅಂತ ಬರಿ. ಎಷ್ಟು ಜಾಗ ಇದೆ?"

"ಸಿಂಗಲ್ ಕಾಲಂ, ಹತ್ತು ಸೆಂಟಿಮೀಟರ್. ಬಂಡುಕೋರರು ಊರು ಹಿಡಿದರು ಅಂತ ಕೊಟ್ಟಿದೀನಿ. ಇನ್ನೆರಡು ಸಾಲು ಹಿಡಿಯುತ್ತೆ. ಏನ್ ಹಾಕ್ಲಿ ಹೇಳಿ?"

ಟ್ಯಾಂಗನಿಕಾ ಸರೋವರದ ತುದಿಯ ಊರು ಅದು, ಆಚೆ ದಡದಲ್ಲಿ ಬುರುಂಡಿ ಅಂದೆ. ಜನ ಆ ಕಡೆ ದಾಟುತ್ತಿದ್ದಾರಾ ನೋಡು ಅಂದೆ. ಅವನು ಕಾಪಿಯ ಕೆಳಗೆ ಹುಡುಕಿ, ಹೌದು ಮೇಡಂ, ಸಾವಿರಗಟ್ಟಲೆ ಅಂತ ಇದೆ ಅಂದ. 'ರುವಾಂಡಾ ಬೆಂಬಲವಿದೆ ಎನ್ನಲಾದ' ಅನ್ನುವುದನ್ನು ತೆಗೆದುಬಿಟ್ಟಿದ್ದೀಯಾ ಅಂತ ಕೇಳಿದೆ. ಜಾಗಕ್ಕೋಸ್ಕರ ತೆಗೆದಿದ್ದನಂತೆ. ಹೆಡ್ಡಿಂಗನ್ನು ಒಂದು ಲೈನಿಗೆ ಇಳಿಸಿದ. ಎರಡು ಸಾಲು ನಾಲ್ಕಾಯಿತು.

ಬೆಳಿಗ್ಗೆ ಪೇಪರ್ ಬಂದಾಗ ಮೊದಲು ಆ ಮೂಲೆ ನೋಡಿದೆ. ರುವಾಂಡಾ ಇತ್ತು. ಸರೋವರದ ಆಚೆ ದಡಕ್ಕೆ ದಾಟಿದವರೂ ಇದ್ದರು.